ಸವಿಸ್ತಾರವಾಗಿ ಚರ್ಚಿಸಲಾಯಿತು

ನಮ್ಮ ಅತ್ತಿಗೆಗೆ ಕೋಪ ಬಂದಿದ್ದನ್ನು ನಾನು ನೋಡಿಲ್ಲ. ಇದನ್ನು ಹೊಗಳಿಕೆ ಅಂದುಕೊಳ್ಳಬೇಡಿ. ಕೋಪ ಬರುವವರ ಜೊತೆ ಹೇಗೋ ಬಾಳಬಹುದು. ನಾಲ್ಕು ಮಾತು ಅಂದು, ನಾಲ್ಕು ಅನ್ನಿಸಿಕೊಂಡು, ಆಮೇಲೆ ಊಟಕ್ಕೆ ಕೂತರಾಯಿತು. ಕೋಪವೇ ಬರದವರ ಎದುರು ನಾವೇ ಕಿರುಚಬೇಕು, ನಾವೇ ಸುಸ್ತಾಗಬೇಕು.

ಅವರು ವಾರ್ಡ್ ಕಚೇರಿಯಲ್ಲಿ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಅಲ್ಲಿ ನಡೆದ ಪ್ರತಿಯೊಂದು ಸಭೆಯ ನಡಾವಳಿ ಬರೆದವರು ಅವರೇ. ಯಾರು ಬಂದಿದ್ದರು, ಏನು ಹೇಳಿದರು, ಕೊನೆಗೆ ಏನು ತೀರ್ಮಾನವಾಯಿತು ಅನ್ನುವುದೆಲ್ಲ ಆ ದಪ್ಪ ರಟ್ಟಿನ ಪುಸ್ತಕದಲ್ಲಿ ಇರಬೇಕು. ಅವರಿಗೆ ಶೀಘ್ರಲಿಪಿ ಬರುತ್ತದೆ. ಹುಡುಗಿಯಾಗಿದ್ದಾಗ ಕಲಿತಿದ್ದು. ಸಭೆ ನಡೆಯುವಾಗ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಕೊಕ್ಕೆ, ಗೀರು, ಚುಕ್ಕೆ ಎಳೆದುಕೊಂಡು ಹೋಗುತ್ತಾರೆ. ಹತ್ತು ಜನ ಒಟ್ಟಿಗೆ ಕೂಗಿದರೂ ಆ ಪೆನ್ಸಿಲು ನಿಲ್ಲುವುದಿಲ್ಲ. ಮಾರನೆಯ ದಿನ ಅದನ್ನು ನೋಡಿಕೊಂಡು, ದೊಡ್ಡ ಪುಸ್ತಕಕ್ಕೆ ಮುತ್ತು ಪೋಣಿಸಿದ ಹಾಗೆ ಶಾಯಿಯಲ್ಲಿ ಬರೆಯುತ್ತಾರೆ. ತಮಾಷೆ ಇರುವುದು ಇಲ್ಲೇ. ಪೆನ್ಸಿಲಿನಲ್ಲಿ ಇದ್ದದ್ದು ಶಾಯಿಗೆ ಬರುತ್ತಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೇ ಬರೆದಿದ್ದರಂತೆ. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಅದನ್ನು ಗಟ್ಟಿಯಾಗಿ ಓದಿದರು. ಹಿಂದಿನ ತಿಂಗಳು ಯಾರು ಯಾರಿಗೆ ಕಳ್ಳ ಅಂದಿದ್ದರು, ಯಾರು ಯಾರ ಅಪ್ಪನನ್ನು ಎಳೆದು ತಂದಿದ್ದರು ಅನ್ನುವುದೆಲ್ಲ ಮತ್ತೆ ಹೊರಬಿತ್ತು. ಆರಿದ್ದ ಜಗಳ ಮತ್ತೆ ಹತ್ತಿಕೊಂಡಿತು. ಒಬ್ಬರು ಕುರ್ಚಿ ಎತ್ತಿ ಎಸೆದರು. ಇನ್ನೊಬ್ಬರ ಹುಬ್ಬಿಗೆ ಐದು ಹೊಲಿಗೆ ಬಿತ್ತು. ಆ ಸಭಾಂಗಣದ ಕುರ್ಚಿಗಳನ್ನು ಇವತ್ತಿಗೂ ನಾಲ್ಕು ನಾಲ್ಕು ಸೇರಿಸಿ ಕಬ್ಬಿಣದ ಪಟ್ಟಿಯಿಂದ ಬೆಸುಗೆ ಹಾಕಿರುವುದು ಅದಕ್ಕೇ. ಅಂದಿನಿಂದ ಅತ್ತಿಗೆ ಎಂಥ ರಂಪ ನಡೆದರೂ ಬರೆಯುತ್ತಿದ್ದದ್ದು ಒಂದೇ ಸಾಲು: "ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಲಾಯಿತು."

ಮನೆಯಲ್ಲೂ ಅದೇ ಕಥೆ. ಅಣ್ಣ, ಅತ್ತಿಗೆ ಮಹಡಿಯ ಮೇಲಿದ್ದಾರೆ. ನಾನು ಕೆಳಗೆ, ಬೀದಿಗೆ ತೆರೆದ ಷೆಡ್ಡಿನಲ್ಲಿ ಸ್ಕೂಟರ್, ಬೈಕು ರಿಪೇರಿ ಮಾಡುತ್ತೇನೆ. ಟೈರಿಗೆ ಗಾಳಿ ತುಂಬುವ ನನ್ನ ಯಂತ್ರದ ಸದ್ದಿನ ವಿಚಾರಕ್ಕೆ ಅಣ್ಣನಿಗೂ ನನಗೂ ಎರಡು ವರ್ಷ ಮಾತಿರಲಿಲ್ಲ. ಮಾತು ಹೊತ್ತು ಮೆಟ್ಟಿಲು ಹತ್ತಿ ಇಳಿಯುತ್ತಿದ್ದದ್ದು ಅತ್ತಿಗೆ. ಮೇಲಿನಿಂದ ಅಣ್ಣ "ಆ ಕತ್ತೆಗೆ ಹೇಳು, ಆ ದರಿದ್ರ ಮೆಷಿನ್ನು ಎತ್ತಿ ಬಿಸಾಕ್ತೀನಿ ಅಂತ" ಎಂದು ಕೂಗುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅತ್ತಿಗೆ ಕೆಳಗೆ ಬಂದು, "ನಿಮ್ಮಣ್ಣಂಗೆ ಯಾಕೋ ಇವತ್ತು ತಲೆನೋವು. ಸ್ವಲ್ಪ ಹೊತ್ತು ನಿಲ್ಸೋಕಾಗುತ್ತಾ ನೋಡು" ಅನ್ನುತ್ತಿದ್ದರು. ನಾನು ಕೊಟ್ಟ ಉತ್ತರ ಮೇಲೆ ತಲುಪುವಷ್ಟರಲ್ಲಿ ಏನಾಗಿರುತ್ತಿತ್ತೋ ನನಗೆ ಗೊತ್ತಿಲ್ಲ.

ನನಗೆ ಬೀದಿಯವರು ಇಟ್ಟ ಹೆಸರು ಕುಕ್ಕರ್. ಬೇಗ ಕಾವೇರುತ್ತಾನೆ, ಮೂರು ಸಲ ಕೂಗುತ್ತಾನೆ, ಆಮೇಲೆ ತಣ್ಣಗಾಗುತ್ತಾನೆ ಅಂತ. ಮೂರೇ ಸಲ ಅನ್ನುವುದು ಸುಳ್ಳು.

ಈಗ ಗಲ್ಲಿಯ ವಿಷಯಕ್ಕೆ ಬರುತ್ತೇನೆ. ನಮ್ಮದು ಹಿಂದಿನ ಬೀದಿ. ಷೆಡ್ಡುಗಳು, ಸಣ್ಣ ಅಂಗಡಿಗಳು, ಅವುಗಳ ಮೇಲೆ ಮನೆಗಳು. ಮುಂದಿನ ಬೀದಿಯವರದು ಕಾಂಪೌಂಡು, ಹೂಕುಂಡ ಇರುವ ಮನೆಗಳು. ಎರಡರ ನಡುವೆ ಒಂದು ಕಿರಿದಾದ ಗಲ್ಲಿ. ಅದರಲ್ಲಿ ಹೋದರೆ ಆಸ್ಪತ್ರೆ ನಾಲ್ಕು ನಿಮಿಷ. ಇಲ್ಲದಿದ್ದರೆ ಫುಟ್‌ಪಾತ್ ಇಲ್ಲದ ದೊಡ್ಡ ರಸ್ತೆಯ ಏರಿನಲ್ಲಿ ಸುತ್ತಿಕೊಂಡು ಇಪ್ಪತ್ತೈದು ನಿಮಿಷ. ಆ ಗಲ್ಲಿಯಲ್ಲಿ ಬೈಕುಗಳು ಜೋರಾಗಿ ಓಡಾಡುತ್ತಿದ್ದದ್ದು ನಿಜ. ರಿಪೇರಿಯಾದ ಗಾಡಿಯನ್ನು ನಾನೂ ಅಲ್ಲೇ ಒಂದು ಸುತ್ತು ಓಡಿಸಿ ನೋಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಒಂದು ಸಂಜೆ ಯಾರೋ ಗಿರಾಕಿಯ ಬೈಕು ಮುಂದಿನ ಬೀದಿಯ ಕನ್ನಡಕದ ಅಂಗಡಿಯವರ ಮಗಳಿಗೆ ಗುದ್ದಿತು. ಕಾಲೇಜಿಗೆ ಹೋಗುವ ಹುಡುಗಿ. ಕಾಲು ಎರಡು ಕಡೆ ಮುರಿಯಿತು. ಗಲ್ಲಿಗೆ ಗೇಟು ಹಾಕಿ ಬೀಗ ಜಡಿಯಬೇಕು, ಬೀಗದ ಕೈ ಮುಂದಿನ ಬೀದಿಯವರ ಹತ್ತಿರವೇ ಇರಬೇಕು ಅಂತ ಅವರು ಅರ್ಜಿ ಕೊಟ್ಟರು. ಆಮೇಲೆ ನಮ್ಮಲ್ಲಿ ಎರಡು ಪಕ್ಷವಾಯಿತು. ಹಾಲಿನ ಅಂಗಡಿಯ ಮುಂದೆ ಕೂಡ ಎರಡು ಸಾಲು ನಿಲ್ಲತೊಡಗಿತು.

ಸಭೆ ಕರೆದರು. ಹಿಂದಿನ ಬೀದಿಯ ಪರವಾಗಿ ನಾನೇ ಮುಂದಾಳು. ಯಾರೂ ಆರಿಸಿದ್ದಲ್ಲ, ಗಂಟಲು ನೋಡಿ ತಾನಾಗಿ ಬಂದ ಪದವಿ. ಆ ದಿನದ ನನ್ನ ಮಾತನ್ನು ಜನ ವಾರಗಟ್ಟಲೆ ನೆನೆಸಿಕೊಂಡು ಬೆನ್ನು ತಟ್ಟಿದರು. ನಲವತ್ತು ನಿಮಿಷ ಮಾತಾಡಿದೆ. ಕನ್ನಡಕದ ಅಂಗಡಿಯವರ ನೀರಿಳಿಸಿಬಿಟ್ಟೆ ಅಂತ ನನಗೂ ಹೆಮ್ಮೆ. ಕೊನೆಗೆ "ಇಂಥ ಸಭೆಗೆ ಧಿಕ್ಕಾರ" ಎಂದು ಘೋಷಣೆ ಕೂಗುತ್ತ ನಮ್ಮ ಬೀದಿಯವರನ್ನೆಲ್ಲ ಎಬ್ಬಿಸಿಕೊಂಡು ಹೊರಗೆ ಬಂದೆ. ನಾವು ಹೊರಗೆ ನಿಂತು ಕಾಫಿ ಕುಡಿಯುತ್ತಿದ್ದಾಗ ಒಳಗೆ ಕೈ ಎತ್ತಿಸಿದರು. ಎತ್ತಲು ಒಳಗಿದ್ದದ್ದು ಅವರದೇ ಕೈಗಳು.

ಮೂರು ವಾರಕ್ಕೆ ಗಲ್ಲಿಯ ಬಾಯಲ್ಲಿ ಕಂಬಕ್ಕೆ ಗುಂಡಿ ತೋಡಿದರು. ನಾವು ಮೇಲಿನ ಕಚೇರಿಗೆ ಮೇಲ್ಮನವಿ ಹಾಕಲು ಓಡಿದೆವು. ಅಲ್ಲಿನವರು ನಿಯಮ ತಿಳಿಸಿದರು. ಸಭೆಯಲ್ಲಿ ಯಾರಾದರೂ ಆಕ್ಷೇಪಣೆ ಎತ್ತಿದ್ದು ದಾಖಲಾಗಿದ್ದರೆ ಗೇಟಿನ ಕೆಲಸ ನಿಲ್ಲಿಸಿ, ಜಾಗ ನೋಡಿ, ಮತ್ತೆ ವಿಚಾರಿಸುತ್ತಾರೆ. ದಾಖಲಾಗಿಲ್ಲದಿದ್ದರೆ ತೀರ್ಮಾನ ಸರ್ವಾನುಮತ. ಒಂದು ವರ್ಷ ಆ ವಿಷಯ ಮತ್ತೆ ಎತ್ತುವ ಹಾಗಿಲ್ಲ. ನಾನು ನಕ್ಕೆ. ಆಕ್ಷೇಪಣೆಯೇ? ಮೂರು ಗಂಟೆ ಇಡೀ ಕಟ್ಟಡ ಅದುರುವ ಹಾಗೆ ಆಕ್ಷೇಪಿಸಿದ್ದೇವಲ್ಲ!

ನಡಾವಳಿಯ ಪ್ರತಿ ಕೈಗೆ ಬಂತು. ಅದರಲ್ಲಿ ಇದ್ದದ್ದು ಇಷ್ಟೇ: "ಗಲ್ಲಿಗೆ ಗೇಟು ಅಳವಡಿಸುವ ವಿಷಯವನ್ನು ಸವಿಸ್ತಾರವಾಗಿ ಚರ್ಚಿಸಲಾಯಿತು. ಒಪ್ಪಲಾಯಿತು."

ಮೈಯೆಲ್ಲ ಉರಿಯಿತು. ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದೆ. ಅತ್ತಿಗೆ ಊಟದ ಮೇಜಿನ ಮೇಲೆ ಬೀನ್ಸ್ ನಾರು ತೆಗೆಯುತ್ತಿದ್ದರು.

"ಅತ್ತಿಗೆ, ನಾನು ಅವತ್ತು ಸಭೆಗೆ ಬಂದಿದ್ನೋ ಇಲ್ವೋ?"

"ಬಂದಿದ್ದೆ. ಹಾಜರಿ ಪಟ್ಟಿಯಲ್ಲಿ ಹೆಸರಿದೆ."

"ಹಾಜರಿ ಹಾಳಾಗ್ಲಿ. ನಾನಾಡಿದ ಮಾತೆಲ್ಲಿ? ನಲವತ್ತು ನಿಮಿಷ! ಎಲ್ಲಾನೂ ಒಂದು ಸಾಲಲ್ಲಿ ಗುಡಿಸಿ ಹಾಕಿದ್ದೀರಲ್ಲ, ನಾವೇನು ಕಸಾನಾ?"

ಅವರ ಕೈ ನಿಂತಿತು. "ಅದನ್ನ ಬರೆಯೋ ಹಾಗಿರಲಿಲ್ಲ ಕಣೋ" ಅಂದರು.

"ನೀವ್ಯಾರು ಅದನ್ನ ತೀರ್ಮಾನ ಮಾಡೋಕೆ?"

ಬೀನ್ಸ್ ಪಕ್ಕಕ್ಕೆ ಸರಿಸಿ, "ತಪ್ಪಾಯ್ತು. ಜನ ಮತ್ತೆ ಮುಖ ನೋಡೋ ಹಾಗಿರಲಿ ಅಂತ ಬರೀತಿದ್ದೆ. ಇದು ಹೀಗೆ ಕುತ್ತಿಗೆಗೆ ಬರುತ್ತೆ ಅಂತ ಹೊಳೀಲಿಲ್ಲ" ಅಂದರು. ಅವರು ತಪ್ಪಾಯ್ತು ಅಂದರೆ ನನಗೆ ಇನ್ನೂ ರೇಗುತ್ತದೆ. ಜಗಳವಾಡಲು ಬಂದವನ ಕೈಗೆ ಕ್ಷಮಾಪಣೆ ಕೊಟ್ಟು ಕಳಿಸುವುದು ಎಲ್ಲಿಯ ನ್ಯಾಯ?

ನಾನು ವಾಪಸ್ ಹೊರಟಿದ್ದೆ. ಅತ್ತಿಗೆ ಒಳಗೆ ಹೋಗಿ ಒಂದು ಸಣ್ಣ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ಪೆನ್ಸಿಲಿನದು. ಹತ್ತೊಂಬತ್ತು ವರ್ಷದ್ದೂ ಹಾಗೇ ಕಟ್ಟಿಟ್ಟಿದ್ದಾರಂತೆ, ಬಟ್ಟೆ ಬೀರುವಿನ ತಳದಲ್ಲಿ.

"ಇದ್ರಲ್ಲಿ ಎಲ್ಲಾ ಇದೆ. ವಿಚಾರಣೆಗೆ ನಾನೇ ಬಂದು ಓದ್ತೀನಿ. ಮೂಲ ಟಿಪ್ಪಣಿ ಅಂದ್ರೆ ಅವರು ಕೇಳಲೇಬೇಕು."

"ನಿಮಗೇನೂ ತೊಂದ್ರೆ ಆಗಲ್ವಾ?"

"ಆಗುತ್ತೆ. ಇಷ್ಟು ವರ್ಷ ಹೀಗೇ ಬರೆದಿದ್ದೀನಿ ಅಂತ ಗೊತ್ತಾದ್ರೆ ಸುಮ್ನೆ ಬಿಡ್ತಾರಾ?"

ಒಂದು ಕ್ಷಣ ನಾನು ಕರಗಿಹೋದೆ. ನೋಟ್‌ಬುಕ್ ತೆರೆದು ನೋಡಿದೆ. ಇರುವೆಗಳು ಮಸಿಯಲ್ಲಿ ಬಿದ್ದು ಹರಿದಾಡಿದ ಹಾಗಿತ್ತು. "ಇದ್ರಲ್ಲಿ ನಾನು ಯಾವುದು?" ಅಂದೆ. ಅವರು ತೋರಿಸಿದರು. ಹನ್ನೊಂದು ಪುಟ. ಹೆಮ್ಮೆಯಾಯಿತು.

"ಆದ್ರೆ ಒಂದು ವಿಷಯ" ಅಂದರು ಅತ್ತಿಗೆ. "ನೀವು ಪ್ರತಿ ಕೇಳಿದ್ದು ಗೊತ್ತಾಗಿ ಬೆಳಗ್ಗೆಯಿಂದ ಎರಡು ಸಲ ಓದ್ದೆ. ನಿನ್ನ ಹನ್ನೊಂದು ಪುಟದಲ್ಲಿ ಆಕ್ಷೇಪಣೆ ಅನ್ನೋ ಹಾಗಿರೋದು ಒಂದೂ ಸಿಗಲಿಲ್ಲ."

"ಅಂದ್ರೆ?"

"ಗೇಟು ಯಾಕೆ ಬೇಡ ಅಂತ ನೀನು ಎಲ್ಲೂ ಹೇಳೇ ಇಲ್ಲ. ಕನ್ನಡಕದವರು ಎಂಥವರು, ಅಧ್ಯಕ್ಷರು ಎಂಥವರು, ಮುಂದಿನ ಬೀದಿಯವರ ಕೊಬ್ಬು ಎಷ್ಟು, ಅದೇ ಇದೆ."

ನಾನು ನಂಬಲಿಲ್ಲ. ಆಸ್ಪತ್ರೆ ದಾರಿ ಅಂತ ಅಂದೇ ಅಂದಿರುತ್ತೇನೆ ಎಂದು ವಾದಿಸಿದೆ. ಮನಸ್ಸಿನಲ್ಲಿ ಇದ್ದದ್ದಂತೂ ನಿಜ. ಅತ್ತಿಗೆ ತಲೆ ಅಲ್ಲಾಡಿಸಿದರು. ಆಗ ನನಗೆ ಥಟ್ಟನೆ ಹೊಳೆಯಿತು. ಆ ಕೊಕ್ಕೆ, ಗೀರು ಓದಲು ಬರುವುದು ಇಡೀ ಊರಿನಲ್ಲಿ ಒಬ್ಬರಿಗೇ.

"ಅತ್ತಿಗೆ, ಓದುವಾಗ ಒಂದು ಸಾಲು ಸೇರಿಸಿಬಿಡಿ. ಆಸ್ಪತ್ರೆಗೆ ಹೋಗೋಕೆ ಬೇರೆ ದಾರಿ ಇಲ್ಲ, ಅದಕ್ಕೆ ಗೇಟು ಬೇಡ. ಅಷ್ಟೇ. ಯಾರಿಗೆ ಗೊತ್ತಾಗುತ್ತೆ?"

"ಯಾರಿಗೂ ಗೊತ್ತಾಗಲ್ಲ" ಅಂದರು. "ನಾನು ಸೇರಿಸಲ್ಲ."

"ಇಷ್ಟು ವರ್ಷ ಊರವರ ಬಾಯನ್ನೆಲ್ಲ ತೊಳೆದು ಬರೆದವರು ನೀವು! ಅದು ಸುಳ್ಳಲ್ವಾ?"

"ಬಿಟ್ಟಿದ್ದೀನಿ. ಬಹಳ ಬಿಟ್ಟಿದ್ದೀನಿ, ಅದು ತಪ್ಪೇ. ಆಡದ ಮಾತನ್ನ ಒಬ್ಬರ ಬಾಯಲ್ಲೂ ಇಟ್ಟಿಲ್ಲ. ನಿನ್ನ ಬಾಯಲ್ಲೂ ಇಡಲ್ಲ."

ಬೇಡಿಕೊಂಡೆ. ರೇಗಿದೆ. ನೀವು ಯಾವ ಬೀದಿಯವರು ಅಂತ ಕೇಳಿದೆ. ಅಣ್ಣನನ್ನು ಕರೆದೆ. ಎರಡು ವರ್ಷದ ಮೇಲೆ ನಾವಿಬ್ಬರೂ ಆಡಿದ ಮೊದಲ ಮಾತು ಅದೇ. ಅವನು ಕೋಣೆಯಿಂದ ಇಣುಕಿ, "ಅವಳು ಒಂದು ಸಲ ಬೇಡ ಅಂದ್ರೆ ನನ್ನ ಮಾತೇ ನಡೆಯಲ್ಲ, ಇನ್ನು ನಿಂದು ನಡೆಯುತ್ತಾ" ಎಂದು ಬಾಗಿಲು ಹಾಕಿಕೊಂಡ. ಕೊನೆಗೆ ಅತ್ತಿಗೆ, "ಒಂದು ಜಾಗದಲ್ಲಿ ಒಂದು ಮಾತಿದೆ. ಅದು ನಡೆದ್ರೂ ನಡೀಬಹುದು. ನೋಡೋಣ" ಅಂದರು. ಯಾರದು ಅಂತ ಕೇಳಿದೆ. ಹೇಳಲಿಲ್ಲ.

ವಿಚಾರಣೆ ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ. ಸಣ್ಣ ಕೋಣೆ, ಟಕ್ ಟಕ್ ಎನ್ನುವ ಫ್ಯಾನು. ಅಧಿಕಾರಿ ಮೇಡಂಗೆ ಜೋರು ನೆಗಡಿ, ಮಾತಿಗೊಮ್ಮೆ ಕರ್ಚೀಫು. ಒಂದು ಕಡೆ ನಾವು, ಇನ್ನೊಂದು ಕಡೆ ಅವರು. ಕನ್ನಡಕದವರ ಪಕ್ಕದಲ್ಲಿ ಅವರ ಮಗಳು, ಊರುಗೋಲನ್ನು ಗೋಡೆಗೆ ಒರಗಿಸಿಟ್ಟು ಕೂತಿದ್ದಳು. ಅವಳು ಬರುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ.

ಅತ್ತಿಗೆ ನಿಂತು ಓದತೊಡಗಿದರು. ಏರಿಳಿತವಿಲ್ಲದ ದನಿ. ವಿದ್ಯುತ್ ಬಿಲ್ಲಿನ ಅಂಕಿ ಓದಿದ ಹಾಗೆ. ಮೊದಲು ಕನ್ನಡಕದವರು ನಮಗೆ ಅಂದದ್ದು: "ಗ್ರೀಸು ಮೆತ್ಕೊಂಡು ಬದುಕೋರಿಗೆ ಮನುಷ್ಯರ ಕಾಲೂ ಒಂದು ಸ್ಪೇರ್ ಪಾರ್ಟು." ಕನ್ನಡಕದವರು ತಲೆ ತಗ್ಗಿಸಿದರು. ನಾನು ಖುಷಿಯಿಂದ ನೆಟ್ಟಗೆ ಕೂತೆ. ಆಮೇಲೆ ನನ್ನ ಸರದಿ ಬಂತು.

"ದ್ವಿಚಕ್ರ ವಾಹನ ರಿಪೇರಿಯವರು" ಎಂದು ಓದಿದರು ಅತ್ತಿಗೆ. "ಊರಿಗೆಲ್ಲ ಕನ್ನಡಕ ಮಾರ್ತೀಯಲ್ಲ, ಮೊದಲು ನಿನ್ನ ಮಗಳಿಗೊಂದು ಹಾಕು. ಎದುರಿಗೆ ಬರೋ ಬೈಕು ಕಾಣದ ಕುರುಡೀನ ಬೀದಿಗೆ ಬಿಟ್ಟು ನಮ್ಮ ದಾರಿ ಮುಚ್ಚೋಕೆ ಬರ್ತೀಯಾ. ಕಂಸದಲ್ಲಿ, ನಗು. ಸಿಳ್ಳೆ."

ಆ ದಿನ ನನಗೆ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಈ ಮಾತಿಗೇ. ಕೋಣೆಯಲ್ಲಿ ಯಾರೂ ನಗಲಿಲ್ಲ. ಹುಡುಗಿ ನನ್ನತ್ತ ನೋಡಿದಳು, ಕೋಪದಿಂದ ಅಲ್ಲ, ಓ ಇವರೇನಾ ಅನ್ನುವ ಹಾಗೆ. ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸಿತು. ಇನ್ನೂ ಹತ್ತು ಪುಟ ಬಾಕಿ ಇತ್ತು. ಅತ್ತಿಗೆ ಒಂದು ಅಕ್ಷರವನ್ನೂ ಬಿಡಲಿಲ್ಲ, ಒಂದನ್ನೂ ಮೆತ್ತಗೆ ಮಾಡಲಿಲ್ಲ. ಅಧಿಕಾರಿ ಮೇಡಂ ನಡುವೆ ಎರಡು ಸಲ, "ಇದರಲ್ಲಿ ಗಲ್ಲಿಯ ವಿಷಯ ಬರುತ್ತಾ?" ಎಂದು ಕೇಳಿದರು. ಎರಡು ಸಲವೂ ಅತ್ತಿಗೆ, "ಇಲ್ಲ ಮೇಡಂ" ಅಂದರು. ಆ ಉತ್ತರ ನನ್ನ ಬೈಗುಳಗಳಿಗಿಂತ ಕೆಟ್ಟದಾಗಿ ಕೇಳಿಸಿತು.

ಏಳನೆಯ ಪುಟಕ್ಕೆ ಬಂದರು. ನೀರು ಕುಡಿದರು.

"ಹೊಲಿಗೆ ಅಂಗಡಿಯವರು. ಅಮ್ಮನ್ನ ವಾರಕ್ಕೆ ಎರಡು ಸಲ ಗಾಲಿಕುರ್ಚಿಯಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಈ ಗಲ್ಲಿ ಬಿಟ್ರೆ ನಮಗೆ. ಕಂಸದಲ್ಲಿ, ಅಡ್ಡಿ."

ಟೈಲರ್ ಅಕ್ಕ ನಮ್ಮ ಸಾಲಿನ ಕೊನೆಯಲ್ಲಿ ಕೂತಿದ್ದರು. ನನ್ನ ಷೆಡ್ಡಿನಿಂದ ಮೂರನೆಯ ಬಾಗಿಲು ಅವರದು. ಹೆಚ್ಚು ಮಾತಿನವರಲ್ಲ. ಅವರು ಆ ದಿನ ಎದ್ದು ನಿಂತಿದ್ದರು ಅನ್ನುವುದೇ ನನಗೆ ನೆನಪಿರಲಿಲ್ಲ.

"ಮುಂದೆ?" ಅಂದರು ಮೇಡಂ.

"ಅಷ್ಟೇ ಇದೆ ಮೇಡಂ."

"ವಾಕ್ಯ ಮುಗಿದಿಲ್ಲವಲ್ಲ. ಗೇಟು ಬೇಡ ಅಂದ್ರೋ, ಬೇಕು ಅಂದ್ರೋ? ಅರ್ಧ ವಾಕ್ಯವನ್ನ ಆಕ್ಷೇಪಣೆ ಅಂತ ನಾನು ಹೇಗೆ ತಗೊಳ್ಳಲಿ? ಅಡ್ಡಿ ಮಾಡಿದವರು ಯಾರು?"

ಹತ್ತೊಂಬತ್ತು ವರ್ಷ ಮಾತನ್ನು ತೊಳೆದು ಒರೆಸಿ ಇಟ್ಟ ಹೆಂಗಸು. ಯಾರೋ ಸದಸ್ಯರು ಅನ್ನಬಹುದಿತ್ತು. ಗದ್ದಲದಲ್ಲಿ ತಿಳಿಯಲಿಲ್ಲ ಅನ್ನಬಹುದಿತ್ತು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ.

"ನನ್ನ ಮೈದುನ" ಅಂದರು. ಆಮೇಲೆ ನೋಟ್‌ಬುಕ್ ನೋಡಿ ಓದಿದರು: "ಅಕ್ಕ, ನೀವು ಕೂತ್ಕೊಳ್ಳಿ, ನಿಮ್ಮ ಸಂಕಟಾನೂ ನಾನೇ ಹೇಳ್ತೀನಿ."

ಹೇಳಿರಲಿಲ್ಲ. ಮುಂದಿನ ನಾಲ್ಕು ಪುಟದಲ್ಲೂ ಅದು ಇರಲಿಲ್ಲ.

ಮೇಡಂ ಪೆನ್ನು ಕೆಳಗಿಟ್ಟು ಟೈಲರ್ ಅಕ್ಕನ ಕಡೆ ತಿರುಗಿದರು. "ದಾಖಲೆಗೆ ಬರಲ್ಲ. ಸುಮ್ಮನೆ ಕೇಳ್ತಿದ್ದೀನಿ. ಅವತ್ತು ಏನು ಹೇಳೋಕೆ ಹೊರಟಿದ್ರಿ?"

ಟೈಲರ್ ಅಕ್ಕ ಎದ್ದು ನಿಂತರು. "ಗೇಟು ಬೇಕಾದ್ರೆ ಹಾಕಿ, ಗಾಡಿಗಳ ಭಯ ನಮಗೂ ಇದೆ. ಪಕ್ಕದಲ್ಲಿ ಗಾಲಿಕುರ್ಚಿ ಹೋಗೋಷ್ಟು ಜಾಗ ಬಿಡಿ, ಬೈಕು ನುಗ್ಗದ ಹಾಗೆ ಒಂದು ತಿರುವು ಕೊಟ್ಟು. ಅಷ್ಟೇ ಮೇಡಂ." ಹೇಳಿ ಕೂತರು. ಎದುರಿಗೆ ಗೋಡೆ ಗಡಿಯಾರವಿತ್ತು, ಬೇಡವೆಂದರೂ ಕಣ್ಣು ಹೋಯಿತು. ಹದಿನೈದು ಸೆಕೆಂಡು.

ಕನ್ನಡಕದವರು ತಲೆ ಎತ್ತಿದರು. "ಇಷ್ಟೇನಾ?" ಅಂದರು. "ಇದಕ್ಕೆ ಅವತ್ತೇ ಮೊದಲ ಸಹಿ ನಾನೇ ಹಾಕ್ತಿದ್ದೆನಲ್ಲ!"

ಮೇಡಂ ಮೂಗು ಒರೆಸಿಕೊಂಡರು. ನೀವಿಬ್ಬರೂ ಒಪ್ಪುವುದು ಒಳ್ಳೆಯದು, ಮುಂದಿನ ವರ್ಷ ಹೊಸ ಅರ್ಜಿ ಕೊಡಿ. ಈಗ ದಾಖಲೆಯಲ್ಲಿ ಪೂರ್ತಿ ಆಕ್ಷೇಪಣೆ ಇಲ್ಲ, ನನ್ನ ಕೈ ಕಟ್ಟಿಹಾಕಿದೆ ಅಂದರು. ಮೇಲ್ಮನವಿ ವಜಾ. ಅತ್ತಿಗೆಗೆ ಹದಿನೈದು ದಿನದಲ್ಲಿ ಕಾರಣ ಕೇಳಿ ನೋಟಿಸು ಬಂತು.

ಗೇಟು ನಿಂತಿದೆ. ಹಸಿರು ಬಣ್ಣ, ಅಂಗೈ ಅಗಲದ ಬೀಗ. ಟೈಲರ್ ಅಕ್ಕನಿಗೆ ಒಂದು ಬೀಗದ ಕೈ ಕೊಡೋಣ ಅಂತ ಕನ್ನಡಕದವರೇ ತಮ್ಮ ಸಮಿತಿಯಲ್ಲಿ ಕೇಳಿದರಂತೆ. ಸಭೆಯಲ್ಲಿ ನಮ್ಮವರಾಡಿದ ಮಾತು ನೆನಪಿದ್ದ ಉಳಿದವರು ಒಪ್ಪಲಿಲ್ಲ. ಅವರನ್ನು ಬೈಯೋಣ ಅಂದರೆ ನನಗೆ ಬಾಯಿ ಬರುತ್ತಿಲ್ಲ. ಇದಕ್ಕಿಂತ ದೊಡ್ಡ ಹಿಂಸೆ ನನಗೆ ಇನ್ನೊಂದಿಲ್ಲ.

ಅತ್ತಿಗೆ ನೋಟಿಸಿಗೆ ಉತ್ತರ ಬರೆದರು. ಒಂದು ವರ್ಷ ಸಂಬಳದ ಬಡ್ತಿ ತಡೆದಿದ್ದಾರೆ, ಕೆಲಸ ಉಳಿದಿದೆ. ಈಗ ಸಭೆ ಮುಗಿಯುವ ಮೊದಲು ಪ್ರತಿಯೊಬ್ಬರ ಮಾತನ್ನೂ ಆಡಿದ ಹಾಗೇ ಗಟ್ಟಿಯಾಗಿ ಓದಿ, ಸರಿಯಾಗಿದೆಯಾ ಅಂತ ಕೇಳಿ, ಅವರ ಸಹಿ ಹಾಕಿಸಿಕೊಳ್ಳುತ್ತಾರೆ. ಮೊದಲ ಸಲ ಓದಿದಾಗ ಮೂವರು ಸಹಿ ಹಾಕದೆ ಎದ್ದುಹೋದರು. ಮನೆಯಲ್ಲೂ ಮೆಟ್ಟಿಲಿನ ಕೆಲಸ ಬಿಟ್ಟಿದ್ದಾರೆ. ಅಣ್ಣ ಕತ್ತೆ ಅಂದರೆ ಈಗ ಅದು ನನಗೆ ಕತ್ತೆ ಅಂತಲೇ ತಲುಪುತ್ತದೆ. ನಾವಿಬ್ಬರೂ ವಾರಕ್ಕೊಮ್ಮೆ ಎದುರೆದುರು ನಿಂತು ಜಗಳವಾಡುತ್ತೇವೆ.

ಟೈಲರ್ ಅಕ್ಕ ಮಂಗಳವಾರ, ಶನಿವಾರ ಅಮ್ಮನ ಗಾಲಿಕುರ್ಚಿ ತಳ್ಳಿಕೊಂಡು ನನ್ನ ಷೆಡ್ಡಿನ ಮುಂದಿನಿಂದಲೇ ದೊಡ್ಡ ರಸ್ತೆಯ ಏರಿಗೆ ಹೋಗುತ್ತಾರೆ. ನಾನು ತಳ್ಳಿಕೊಡುತ್ತೇನೆ ಅಂತ ಎರಡು ಸಲ ಹೋದೆ. ಬೇಡ, ಅಭ್ಯಾಸ ಇದೆ ಅಂದರು. ಒಂದು ಮಾತು ಬೈಯಲಿಲ್ಲ. ಮೊನ್ನೆ ಶನಿವಾರ ತಡೆಯಲಾಗದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಅಡ್ಡ ಹೋಗಿ ನಿಂತೆ.

"ಅಕ್ಕ, ಒಂದು ಸಲ ನನಗೆ ಬಾಯ್ತುಂಬ ಬೈದುಬಿಡಿ. ನಿಮ್ಮ ದಮ್ಮಯ್ಯ."

ಅವರು ಕುರ್ಚಿಯನ್ನು ಪಕ್ಕಕ್ಕೆ ತಿರುಗಿಸಿಕೊಂಡರು. "ನಾನು ಬೈದ್ರೆ ನೀವು ಸುಮ್ನಿರಲ್ಲ" ಅಂದರು. "ಮಾತಿಗೆ ಮಾತು ಬೆಳೆಯುತ್ತೆ. ಹನ್ನೊಂದಕ್ಕೆ ನಾವು ಅಲ್ಲಿರ್ಬೇಕು."

ಇಲ್ಲ ಅಕ್ಕ, ಈ ಸಲ ಸುಮ್ಮನಿರುತ್ತೇನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ತಿರುವು ದಾಟಿದ್ದರು.

ಮೇಲೆ ಬಾಲ್ಕನಿಯಲ್ಲಿ ಅತ್ತಿಗೆ ಬಟ್ಟೆ ಹರವುತ್ತಿದ್ದರು, ಕಚೇರಿಗೆ ರಜೆ. "ಕೇಳಿಸ್ತಾ ಅತ್ತಿಗೆ?" ಅಂದೆ.

"ಪೂರ್ತಿ ಕೇಳಿಸ್ತು."

ಪಾಪ, ಅವಸರದಲ್ಲಿದ್ದರು, ಹಾಗಂದರು ಅಷ್ಟೇ ಕಣೋ ಅಂತ ಏನಾದರೂ ಒಂದು ಮಾತು ಸೇರಿಸುತ್ತಾರೇನೋ ಎಂದು ಕತ್ತೆತ್ತಿ ಕಾದೆ. ಅತ್ತಿಗೆ ಇನ್ನೊಂದು ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದರು. ಏನೂ ಸೇರಿಸಲಿಲ್ಲ.